ಶಿಫ್ಟ್ ಹಿಡಿದು ಬ್ರೇಕ್ ಒತ್ತಿ

ಹೋದ ಮಳೆಗಾಲದಿಂದ ನನ್ನ ಮೇಜಿನ ಮೇಲೆ ಒಂದು ಗೂಬೆ ಕೂತಿದೆ. ಚುಕ್ಕಿ ಇಟ್ಟು ಬಿಡಿಸಿದ ಗೂಬೆ, ರಂಗೋಲಿ ಥರ. ಬಿಬಿಸಿ ಮೈಕ್ರೋ ಕಂಪ್ಯೂಟರ್ ನೋಡಿದವರಿಗೆ ಗೊತ್ತಿರುತ್ತದೆ. ಕೀಬೋರ್ಡಿನ ಮೇಲಿನ ಕಪ್ಪು ಪಟ್ಟಿಯಲ್ಲಿ ಅದು ಇರುತ್ತದೆ, ಅದರ ಕೆಳಗೆ ಹತ್ತು ಕೆಂಪು ಕೀಲಿಗಳ ಸಾಲು. ನಮ್ಮ ಶಾಲೆಗೆ ಈ ಕಂಪ್ಯೂಟರ್ ಬಂದಾಗ ಗಂಟೆ ಹೊಡೆಯುವ ಅಜ್ಜ ಆ ಗೂಬೆ ನೋಡಿ, 'ಇಷ್ಟು ದುಡ್ಡು ಕೊಟ್ಟು ಅಪಶಕುನ ತಂದ್ರಲ್ಲ' ಅಂದಿದ್ದನಂತೆ. ನಮ್ಮ ಮನೆಯವರ ಅಭಿಪ್ರಾಯವೂ ಈಗ ಹೆಚ್ಚು ಕಡಿಮೆ ಅದೇ.

ಈ ಯಂತ್ರ ಶುರುವಾಗುವುದಕ್ಕೆ ಡಿಸ್ಕ್ ಬೇಕಾಗಿಲ್ಲ. ಮೊದಲು ಇದನ್ನು ಹೇಳಿಬಿಡಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಸ್ವಿಚ್ ಹಾಕಿದರೆ 'ಬೂ... ಬಿಪ್' ಅಂತ ಎರಡು ದನಿ ಬರುತ್ತವೆ. ಮೊದಲನೆಯದು ಉದ್ದ, ತಗ್ಗು. ಎರಡನೆಯದು ಗಿಡ್ಡ, ಏರು. ಅಷ್ಟರಲ್ಲಿ ಪರದೆ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಅಂತ ಬಂದಿರುತ್ತದೆ, ಕೆಳಗೆ 'ಬೇಸಿಕ್' ಅಂತ, ಅದರ ಕೆಳಗೆ ಒಂದು ಬಾಣದ ತಲೆ, ಪಕ್ಕದಲ್ಲಿ ಮಿನುಗುವ ಗೆರೆ. ಮುಗೀತು. ಒಂದು ಸೆಕೆಂಡೂ ಹಿಡಿಯುವುದಿಲ್ಲ. ಆಪರೇಟಿಂಗ್ ಸಿಸ್ಟಮ್, ಪ್ರೋಗ್ರಾಮ್ ಬರೆಯುವ ಬೇಸಿಕ್ ಭಾಷೆ ಎರಡೂ ಒಳಗಿನ ಚಿಪ್‌ಗಳಲ್ಲೇ ಇವೆ. 1981ರ ಕೊನೆಗೆ ಬಂದ ಯಂತ್ರ, ಈಗ ನನ್ನ ಮನೆಯಲ್ಲಿರುವ ಯಾವ ಸಾಮಾನಿಗಿಂತಲೂ ಬೇಗ ಏಳುತ್ತದೆ, ಮಿಕ್ಸಿ ಒಂದನ್ನು ಬಿಟ್ಟು.

ಡಿಸ್ಕ್ ಡ್ರೈವ್ ಹೊರಗಿನದು. ಬೇಕಾದವರು ಆಮೇಲೆ ಕೊಂಡು ಜೋಡಿಸಿಕೊಳ್ಳುವ ಸಾಮಾನು. ನನ್ನ ಹತ್ತಿರ ಅದಕ್ಕೂ ಒಂದು ಸುಲಭದ ದಾರಿ ಇತ್ತು. ಗೋಟೆಕ್ ಅಂತ ಒಂದು ಪುಟ್ಟ ಡಬ್ಬಿ ಸಿಗುತ್ತದೆ. ಒಂದು ಕಡೆ ಪೆನ್‌ಡ್ರೈವ್ ಸಿಕ್ಕಿಸಿದರೆ ಇನ್ನೊಂದು ಕಡೆಯಿಂದ ಕಂಪ್ಯೂಟರಿಗೆ 'ನಾನೇ ಫ್ಲಾಪಿ ಡ್ರೈವ್' ಅಂತ ಸುಳ್ಳು ಹೇಳುತ್ತದೆ. ಕಂಪ್ಯೂಟರ್ ನಂಬುತ್ತದೆ. ಮೊದಲ ತಿಂಗಳೇ ಅದನ್ನು ಹಾಕಿದೆ. ಸದ್ದಿಲ್ಲ, ಗದ್ದಲವಿಲ್ಲ, ಎಲ್ಲಾ ಸರಿಯಾಗಿ ಬಂತು. ಹಾಗಿದ್ದ ಮೇಲೆ ಹಳೇ ಫ್ಲಾಪಿ ಡ್ರೈವಿನಿಂದಲೇ ಶುರು ಮಾಡಬೇಕು ಅಂತ ನಾಲ್ಕೈದು ತಿಂಗಳು ಯಾಕೆ ಒದ್ದಾಡಿದೆ? ಹೆಂಡತಿ ಕೇಳಿದಾಗ 'ಸುಮ್ನೆ' ಅಂದೆ. ಸುಮ್ಮನೆ ಅಲ್ಲ ಅಂತ ನನಗೂ ಗೊತ್ತಿತ್ತು.

ಬೀಗ ಹಾಕಿದ ಕೋಣೆ

ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನ ಹೈಸ್ಕೂಲು. 1987ರಲ್ಲಿ ನಾನು ಎಂಟನೇ ಕ್ಲಾಸು. ಕೇಂದ್ರ ಸರ್ಕಾರ 1984-85ರಲ್ಲಿ 'ಕ್ಲಾಸ್' ಅಂತ, ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಒಂದು ಯೋಜನೆ ಶುರು ಮಾಡಿತ್ತು. ಇಂಗ್ಲೆಂಡಿನಲ್ಲಿ ಬಿಬಿಸಿಯವರು ಜನರಿಗೆ ಕಂಪ್ಯೂಟರ್ ಕಲಿಸಬೇಕು ಅಂತ ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಕೈಲಿ ಮಾಡಿಸಿದ ಯಂತ್ರವನ್ನೇ ನಮ್ಮ ಶಾಲೆಗಳಿಗೂ ತರಿಸಿದರು. ಒಟ್ಟು 12,000 ಯಂತ್ರ ರಾಜ್ಯ ಸರ್ಕಾರಗಳ ಮೂಲಕ ಹಂಚಿಕೆ ಆಯಿತು. ಮೊಹಾಲಿಯ ಸರ್ಕಾರಿ ಕಾರ್ಖಾನೆಯಲ್ಲಿ ಇದೇ ಯಂತ್ರವನ್ನು 'ಯೂನಿಕಾರ್ನ್' ಅಂತ ಹೆಸರಿಟ್ಟು ತಯಾರಿಸಿದ್ದೂ ಉಂಟು. ಗೂಬೆ ಹೋಗಿ ಒಂಟಿಕೊಂಬಿನ ಕುದುರೆ ಬಂತು ಅಂದರೆ ನಮ್ಮ ಅಜ್ಜನಿಗೆ ಸಮಾಧಾನವಾಗುತ್ತಿತ್ತೋ ಏನೋ.

ನಮ್ಮ ಶಾಲೆಗೆ ಬಂದದ್ದು ಐದು. ಡಿಸ್ಕ್ ಡ್ರೈವ್ ಒಂದೇ. ಹಳೇ ಲೈಬ್ರರಿ ಕೋಣೆ ಖಾಲಿ ಮಾಡಿ, ಸುಣ್ಣ ಬಳಿದು, ಕಿಟಕಿಗೆ ನೀಲಿ ಪರದೆ ಹಾಕಿ ಅಲ್ಲಿ ಇಟ್ಟರು. ಬಾಗಿಲಿಗೆ ಎರಡು ಬೀಗ. ಒಂದರ ಕೀ ಹೆಡ್ಮಾಸ್ಟರ ಹತ್ತಿರ, ಇನ್ನೊಂದು ಗಣಿತದ ಮೇಷ್ಟ್ರ ಹತ್ತಿರ. ವಾರಕ್ಕೊಂದು ಪೀರಿಯಡ್ಡು, ಬುಧವಾರ ಕೊನೆಯದು. ಚಪ್ಪಲಿ ಹೊರಗೆ ಬಿಡಬೇಕು. ಕೈ ತೊಳೆದು ಒರೆಸಿಕೊಂಡು ಬರಬೇಕು. ಯಂತ್ರಗಳ ಮೇಲೆ ಮೇಷ್ಟ್ರ ಹೆಂಡತಿ ಹೊಲಿದುಕೊಟ್ಟ ಹೂವಿನ ಬಟ್ಟೆಯ ಮುಸುಕು. ಅದನ್ನು ತೆಗೆಯುವುದು ಮೇಷ್ಟ್ರು ಮಾತ್ರ, ಗರ್ಭಗುಡಿಯ ಪರದೆ ಸರಿಸುವಷ್ಟು ನಿಧಾನವಾಗಿ.

ಆಮೇಲೆ ನಾವು ಕಾಯುತ್ತಿದ್ದ ಘಳಿಗೆ. ಮೇಷ್ಟ್ರು ಒಂದನೇ ನಂಬರಿನ ಯಂತ್ರದ ಮುಂದೆ ಕೂರುವರು. ಕಾಗದದ ಚೀಲದಿಂದ ಫ್ಲಾಪಿ ತೆಗೆಯುವರು. ಅದು ಐದೂಕಾಲು ಇಂಚಿನದು, ನಿಜವಾಗಿಯೂ ಬಳುಕುವಂಥದ್ದು. ಅಂಡಾಕಾರದ ಕಿಂಡಿಗೆ ಬೆರಳು ತಾಗದಂತೆ ಎರಡು ಬೆರಳಲ್ಲಿ ಹಿಡಿದು ಡ್ರೈವಿನ ಸೀಳಿನೊಳಗೆ ತಳ್ಳಿ, ಹಿಡಿ ತಿರುಗಿಸುವರು. ಎಡಗೈ ಶಿಫ್ಟ್ ಕೀಲಿಯ ಮೇಲೆ. ಬಲಗೈ ತೋರುಬೆರಳು ಮೇಲಿನ ಸಾಲಿನ ಬಲತುದಿಯ ಬ್ರೇಕ್ ಮೇಲೆ. ಶಿಫ್ಟ್ ಹಿಡಿದುಕೊಂಡೇ ಬ್ರೇಕ್ ಒತ್ತಿ, ಮೊದಲು ಬ್ರೇಕ್ ಬಿಟ್ಟು, ಆಮೇಲೆ ಶಿಫ್ಟ್ ಬಿಡಬೇಕು. ಡ್ರೈವಿನ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು. ಒಳಗೆ ಗುರ್ರ್ ಅಂತ ತಿರುಗುವ ಸದ್ದು, ನಡುವೆ ಟಕ್ ಟಕ್ ಟಕ್. 'ಕೆಂಪು ದೀಪ ಆರೋ ತನಕ ಯಾರೂ ಡ್ರೈವ್ ಮುಟ್ಟಬಾರದು' ಅಂತ ಮೇಷ್ಟ್ರು ಪ್ರತೀ ಬುಧವಾರ ಹೇಳುವರು. ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟುವಷ್ಟು ಹತ್ತಿರಕ್ಕೆ ಬಿಡುತ್ತಲೇ ಇರಲಿಲ್ಲ.

ಆಮೇಲೆ ಪರದೆಯ ಮೇಲೆ, ಯಾರೂ ಕೀಲಿ ಒತ್ತದೇ, ತಾವಾಗಿಯೇ ಅಕ್ಷರಗಳು ಮೂಡುತ್ತಿದ್ದವು. ಒಂದು ಸಾಲು, ಅಷ್ಟೇ. ಮೊದಲ ದಿನ ನಮ್ಮ ಕ್ಲಾಸಿನ ಒಬ್ಬಳು ಹುಡುಗಿ 'ಅಯ್ಯಮ್ಮ, ಯಾರೋ ಟೈಪ್ ಮಾಡ್ತಿದಾರೆ' ಅಂತ ಎರಡು ಹೆಜ್ಜೆ ಹಿಂದೆ ಸರಿದಳು. ಮರುಕ್ಷಣ ಪರದೆ ಖಾಲಿಯಾಗಿ, ನಡುಮಧ್ಯೆ ದೊಡ್ಡ ಅಕ್ಷರದಲ್ಲಿ 'ನಮಸ್ಕಾರ' ಅಂತ ಬಂತು. ಇಂಗ್ಲಿಷ್ ಅಕ್ಷರವೇ, ಆದರೆ ಮಾತು ನಮ್ಮದು. ನಾವೆಲ್ಲ ಚಪ್ಪಾಳೆ ಹೊಡೆದೆವು. ಇಂಗ್ಲೆಂಡಿನವರು ನಮ್ಮ ಊರಿಗೆ ಕಳಿಸುತ್ತೇವೆ ಅಂತ ಗೊತ್ತಿದ್ದೇ ಕನ್ನಡ ಕಲಿಸಿ ಕಳಿಸಿದ್ದಾರೆ ಅಂತ ನನ್ನ ಪಕ್ಕದವನು ಪಿಸುಗುಟ್ಟಿದ. ನಾನು ನಂಬಿದೆ. ಎಷ್ಟೋ ವರ್ಷ ನಂಬಿದ್ದೆ.

ಒಂದು ಬುಧವಾರ ಮೇಷ್ಟ್ರು ಏನೋ ಪ್ರೋಗ್ರಾಮ್ ಟೈಪ್ ಮಾಡುತ್ತಾ ಇದ್ದವರು ಹೆಡ್ಮಾಸ್ಟರ್ ಕರೆದರು ಅಂತ ಹೊರಗೆ ಹೋದರು. ಅರ್ಧ ಗಂಟೆಯಿಂದ ಒಂದೊಂದೇ ಕೀಲಿ ಹುಡುಕಿ ಒತ್ತುತ್ತಿದ್ದರು, ಪಾಪ. ನಾನು ಯಾಕೆ ಹಾಗೆ ಮಾಡಿದೆನೋ, ಕೈ ಚಾಚಿ ಬ್ರೇಕ್ ಒತ್ತಿದೆ. ಪ್ರೋಗ್ರಾಮ್ ಮಾಯ. 'ಬಿಬಿಸಿ ಕಂಪ್ಯೂಟರ್' ಅನ್ನುವ ತಣ್ಣನೆಯ ಸಾಲು. ಮೇಷ್ಟ್ರು ಬಂದು ನೋಡಿದರು. ಅವರ ಮುಖ ಬಿಳುಚಿಕೊಂಡದ್ದು ನೆನಪಿದೆ. ಹೊಡೆಯಲಿಲ್ಲ. 'ಕೆಟ್ಟುಹೋದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ ಕಣೋ' ಅಂದರು, ಬಹಳ ಮೆಲ್ಲಗೆ. ಮುಸುಕು ಹಾಕಿ ಬೀಗ ಹಾಕಿದರು. ಒಂದು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ.

ಬ್ರೇಕ್ ಒತ್ತಿದರೆ ಏನೂ ಹೋಗುವುದಿಲ್ಲ. ಇದು ಗೊತ್ತಾಗಲು ನನಗೆ ಮೂವತ್ತು ವರ್ಷದ ಮೇಲೆ ಬೇಕಾಯಿತು. 'ಓಲ್ಡ್' ಅಂತ ಮೂರು ಅಕ್ಷರ ಟೈಪ್ ಮಾಡಿ ರಿಟರ್ನ್ ಒತ್ತಿದರೆ ಪ್ರೋಗ್ರಾಮ್ ಪೂರ್ತಿ ವಾಪಸ್ ಬರುತ್ತದೆ. ಮಕ್ಕಳು ತಪ್ಪು ಕೀಲಿ ಒತ್ತಿಯೇ ಒತ್ತುತ್ತಾರೆ ಅಂತ ಲೆಕ್ಕ ಹಾಕಿಯೇ ಆ ಯಂತ್ರ ಮಾಡಿದ್ದರು.

ಹೊಟ್ಟೆಯಡಿಯ ಕೊಂಡಿಗಳು

ಶಾಲೆಯಲ್ಲಿ ಈಗ ಮೇಷ್ಟ್ರಾಗಿರುವವನು ನನ್ನ ಹಳೇ ದೋಸ್ತ್. ಹೋದ ವರ್ಷ ಉಗ್ರಾಣದ ಹಳೇ ಸಾಮಾನೆಲ್ಲ ಹರಾಜಿಗೆ ಬಂತು, ಕೆಜಿ ಲೆಕ್ಕದಲ್ಲಿ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಹೊಡೆದು ಹಾಕಿದ ಬೆಂಚು, ಗ್ಲೋಬು, ತಕ್ಕಡಿಗಳ ಜೊತೆ ಇದೂ ಇತ್ತು. ನಾಲ್ಕು ಯಂತ್ರಗಳು ಗುರುತೇ ಸಿಗದ ಹಾಗಿದ್ದವು. ಬೆನ್ನಿಗೆ ಬಿಳಿ ಬಣ್ಣದಲ್ಲಿ '1' ಅಂತ ಬರೆದದ್ದು ಮಾತ್ರ ಚೆನ್ನಾಗಿತ್ತು. ಜೊತೆಗೆ ತುಕ್ಕು ಹಿಡಿದ ಡ್ರೈವು, ಒಂದು ಬಿಸ್ಕತ್ ಡಬ್ಬಿಯಲ್ಲಿ ಏಳು ಫ್ಲಾಪಿ. 'ನಿಂಗೆ ಇದರ ಹುಚ್ಚಿತ್ತಲ್ಲ' ಅಂತ ಫೋನ್ ಮಾಡಿದ. ಬಸ್ಸಿಗೆ ಹಾಕಿ ಕಳಿಸಿದ.

ಮೊದಲ ದಿನ ಸ್ವಿಚ್ ಹಾಕಿದಾಗ ಸುಮಾರು ಇಪ್ಪತ್ತು ನಿಮಿಷ ಚೆನ್ನಾಗಿ ಓಡಿತು. ಆಮೇಲೆ ಹಿಂದಿನ ಸಂದಿಯಿಂದ ದಟ್ಟ ಹೊಗೆ, ಮೀನು ಸುಟ್ಟಂಥ ವಾಸನೆ. ಈ ಯಂತ್ರ ಇಟ್ಟುಕೊಂಡವರಿಗೆಲ್ಲ ಇದು ಗೊತ್ತಿರುವ ಕತೆ. ಕರೆಂಟ್ ಒಳಗೆ ಬರುವ ಜಾಗದ ಫಿಲ್ಟರ್ ಕೆಪಾಸಿಟರುಗಳ ಮೇಲ್ಮೈ ವಯಸ್ಸಾಗಿ ಬಿರುಕು ಬಿಡುತ್ತದೆ, ತೇವ ಒಳಗೆ ಹೋಗುತ್ತದೆ, ಒಂದು ದಿನ ಸಿಡಿಯುತ್ತದೆ. ಮಜಾ ಅಂದರೆ ಹೊಗೆ ಬರುತ್ತಿರುವಾಗಲೂ ಕಂಪ್ಯೂಟರ್ ನಿಲ್ಲಲಿಲ್ಲ. ಗುಜರಿಗೆ ಹೊರಟಿದ್ದ ಜೀವ, ಹೊಸ ಮನೆಗೆ ಬಂದ ದಿನ ತನಗೆ ತಾನೇ ಧೂಪ ಹಾಕಿಕೊಂಡಿತು. ಕೆಪಾಸಿಟರ್ ಬದಲಾಯಿಸಿದೆ. ಎಸ್.ಪಿ. ರೋಡಿನಲ್ಲಿ ಹುಡುಕಿ ವಿಡಿಯೋ ಪಿನ್ ತಂದು ಹಳೇ ಟಿವಿಗೆ ಜೋಡಿಸಿದೆ. ಚಿತ್ರ ಕಪ್ಪು ಬಿಳುಪು. ಸಾಕು.

ಶಾಲೆಯ ಡ್ರೈವ್ ಬದುಕುವ ಹಾಗಿರಲಿಲ್ಲ. ಲೀಡ್ಸ್‌ನಲ್ಲಿ ಓದುತ್ತಿರುವ ಅಕ್ಕನ ಮಗ ದೀಪಾವಳಿಗೆ ಬರುವಾಗ ಅಲ್ಲಿಂದ ಒಂದು ಹಳೇ ಡ್ರೈವನ್ನು ಸ್ವೆಟರಿನಲ್ಲಿ ಸುತ್ತಿ ತಂದ. 'ಏನಿದು' ಅಂತ ಏರ್‌ಪೋರ್ಟಿನಲ್ಲಿ ಕೇಳಿದರಂತೆ. 'ನಮ್ಮ ಮಾವನ ಕಾಯಿಲೆ' ಅಂದನಂತೆ.

ಬಿಬಿಸಿ ಮೈಕ್ರೋವನ್ನು ಬೋರಲು ಹಾಕಿ ನೋಡಬೇಕು. ಬೇಕಾದ ಕೊಂಡಿಗಳಲ್ಲಿ ಅರ್ಧಕ್ಕರ್ಧ ಹೊಟ್ಟೆಯಡಿ ಇವೆ. ಅಲ್ಲಿ ಡ್ರೈವಿಗೆ ಕರೆಂಟ್ ಕೊಡುವ ಒಂದು ಸಾಕೆಟ್ಟೂ ಇದೆ. ಆಕಳ ಕೆಚ್ಚಲಿಗೆ ಕರು ಬಾಯಿ ಹಾಕಿದ ಹಾಗೆ ಡ್ರೈವು ಅಲ್ಲಿಂದ ಕುಡಿಯುತ್ತದೆ. ಮಾತುಕತೆಗೆ ಬೇರೆ ಪಟ್ಟಿ ಕೇಬಲ್ಲು, 34 ಎಳೆ. ನಾನು ಅದನ್ನು ಡ್ರೈವಿನ ಕಡೆ ತಿರುಗುಮುರುಗು ಹಾಕಿದ್ದೆ. ಕೆಂಪು ದೀಪ ಹೊತ್ತಿಕೊಂಡಿತು, ಆರಲೇ ಇಲ್ಲ. ಮೋಟರು ತಿರುಗುತ್ತಲೇ ಇತ್ತು. ತಿರುಗುಮುರುಗಾದರೆ ಎಲ್ಲಾ ಎಳೆಗೂ ಒಂದೇ ಸಲ ಅಪ್ಪಣೆ ಸಿಕ್ಕಂತಾಗುತ್ತದೆ: ಓಡು, ತಿರುಗು, ಬರಿ. 'ಬರಿ' ಅನ್ನುವುದೂ ಸೇರಿ. ಒಳಗೆ ಡಿಸ್ಕ್ ಇದ್ದಿದ್ದರೆ ಮೇಲೆ ಬರೆದದ್ದು ಅಳಿಸಿ ಹೋಗಬಹುದಿತ್ತು. ಅದೃಷ್ಟಕ್ಕೆ ಖಾಲಿ ಇತ್ತು. ಅದೃಷ್ಟ ಏನು ಬಂತು, ಫ್ಲಾಪಿ ಆಗ ಅಡುಗೆಮನೆಯಲ್ಲಿತ್ತು.

ಅದೊಂದು ಕತೆ. ಮಲೆನಾಡಿನ ಉಗ್ರಾಣದಲ್ಲಿ ಮೂವತ್ತು ಮಳೆಗಾಲ ಕಳೆದ ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ಕಿಂಡಿಯಲ್ಲಿ ನೋಡಿದರೆ ಕಂದು ಮೇಲ್ಮೈ ಮೇಲೆ ಬಿಳಿ ಬಿಳಿ ಹೂವು. ಹಾಗೇ ಡ್ರೈವಿಗೆ ಹಾಕಿದರೆ ಡಿಸ್ಕೂ ಕೆಡುತ್ತದೆ, ಡಿಸ್ಕ್ ಓದುವ ಡ್ರೈವಿನ ಹೆಡ್ಡೂ ಕೆಡುತ್ತದೆ. ಆದ್ದರಿಂದ ಕವಚದ ಒಂದು ಅಂಚು ಬ್ಲೇಡಿನಲ್ಲಿ ಸೀಳಿ, ಒಳಗಿನ ತೆಳ್ಳನೆ ಬಿಲ್ಲೆ ಹೊರಗೆ ತೆಗೆದು, ಉಗುರುಬೆಚ್ಚನೆ ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ ಬೆರಳ ತುದಿಯಲ್ಲಿ ತೊಳೆದೆ. ನಮ್ಮಮ್ಮ ಹಿಂದೆ ಬಂದು ನಿಂತು ನೋಡಿದಳು. 'ಹಪ್ಪಳ ತೊಳೆಯೋ ಮಗನ್ನ ಹೆತ್ತೆನಲ್ಲ' ಅಂದಳು. ನೆರಳಲ್ಲಿ ಒಣಗಿಸಿ ಬೇರೊಂದು ಕವಚಕ್ಕೆ ಹಾಕಿದೆ. ಏಳರಲ್ಲಿ ಆರು ಬದುಕಲಿಲ್ಲ, ಮೇಲಿನ ಲೇಪವೇ ಎದ್ದು ಬಂತು. ಉಳಿದದ್ದು ಒಂದು. ಅದರ ಚೀಟಿಯ ಮೇಲೆ ಮೇಷ್ಟ್ರ ಕೈಬರಹದಲ್ಲಿ ಸಂಖ್ಯೆ: 1.

ಯಾರಿಗಾದರೂ ಇದು ಬೇಕೇ?

ಶಿಫ್ಟ್-ಬ್ರೇಕ್ ಒತ್ತಿದಾಗ ಒಳಗೆ ಏನಾಗುತ್ತದೆ ಅಂತ ಈ ನಡುವೆ ಓದಿಕೊಂಡೆ. ಬ್ರೇಕ್ ಅಂದರೆ ಯಂತ್ರ ಹೊಸದಾಗಿ ಎದ್ದಂತೆ. ಎದ್ದ ಆಪರೇಟಿಂಗ್ ಸಿಸ್ಟಮ್ ತನ್ನ ಚಿಪ್ ಸಾಕೆಟ್ಟುಗಳನ್ನು ಮೇಲಿನ ನಂಬರಿನಿಂದ ಕೆಳಕ್ಕೆ ಒಂದೊಂದಾಗಿ ಕೇಳುತ್ತಾ ಹೋಗುತ್ತದೆ: ಶುರು ಮಾಡುವ ಕೆಲಸ ಯಾರಿಗಾದರೂ ಬೇಕೇ? ಹೆಡ್ಮಾಸ್ಟರ್ ಕ್ಲಾಸು ಕ್ಲಾಸಿನ ಬಾಗಿಲಲ್ಲಿ ನಿಂತು ಕೇಳುವ ಹಾಗೆ. ಡಿಸ್ಕ್ ನೋಡಿಕೊಳ್ಳುವ ಚಿಪ್ ಅಲ್ಲಿದ್ದರೆ, ಅದು 'ನಾನಿದ್ದೇನೆ' ಅಂತ ಕೈ ಎತ್ತುತ್ತದೆ. ಶಿಫ್ಟ್ ಕೀಲಿಯೂ ಒತ್ತಿದ್ದರೆ, ಡಿಸ್ಕಿನ ಮೊದಲ ಟ್ರ್ಯಾಕಿನ (ಅಂದರೆ ಸುತ್ತುಗೆರೆಯ) ಮೊದಲೆರಡು ಸೆಕ್ಟರಿನಲ್ಲಿರುವ (ಆ ಗೆರೆಯ ತುಂಡುಗಳಲ್ಲಿರುವ) ಫೈಲುಗಳ ಪಟ್ಟಿ ಓದಿ, ಅಲ್ಲಿ '!ಬೂಟ್' ಅನ್ನುವ ಫೈಲ್ ಹುಡುಕುತ್ತದೆ. ಪಟ್ಟಿಯಲ್ಲಿ 31 ಹೆಸರಿಗಿಂತ ಜಾಸ್ತಿ ಹಿಡಿಯುವುದಿಲ್ಲ.

ಆ ಫೈಲಿನಲ್ಲಿ ಇರುವುದು ಯಂತ್ರಭಾಷೆಯೂ ಅಲ್ಲ, ಮಂತ್ರವೂ ಅಲ್ಲ. ನೀವು ಕೂತು ಟೈಪ್ ಮಾಡುವಂಥದ್ದೇ ಮಾಮೂಲಿ ಸಾಲುಗಳು. ಯಂತ್ರ ಅದನ್ನು ಕೀಬೋರ್ಡಿನಿಂದ ಬಂದದ್ದು ಅಂತಲೇ ಅಂದುಕೊಂಡು ಒಂದೊಂದೇ ಅಕ್ಷರ ಓದುತ್ತದೆ, ಪರದೆ ಮೇಲೂ ತೋರಿಸುತ್ತದೆ. ಅವತ್ತು ಆ ಹುಡುಗಿ ಹೇಳಿದ್ದು ನೂರಕ್ಕೆ ನೂರು ಸರಿ. ಯಾರೋ ಟೈಪ್ ಮಾಡುತ್ತಿದ್ದರು. ಯಾವತ್ತೋ ಒಂದು ದಿನ ಟೈಪ್ ಮಾಡಿ ಇಟ್ಟು ಹೋಗಿದ್ದರು.

ಇದು ಗೊತ್ತಾದ ದಿನ ನನಗೆ ಸ್ವಲ್ಪ ಸಿಟ್ಟೇ ಬಂತು. ಈ ಯಂತ್ರ ಏನನ್ನೂ ಮುಚ್ಚಿಡುವುದಿಲ್ಲ. ಹೇಗೆ ಶುರುವಾಗುತ್ತಿದ್ದೇನೆ ಅಂತ ಕಣ್ಣೆದುರೇ ಬರೆದು ತೋರಿಸುತ್ತದೆ. ಡ್ರೈವ್ ಜೋಡಿಸಿದ್ದಕ್ಕೆ ಬಾಡಿಗೆ ಎಷ್ಟು ಅಂತಲೂ ಹೇಳುತ್ತದೆ: 32ಕೆ ನೆನಪಿನಲ್ಲಿ 2816 ಬೈಟ್ ಡಿಸ್ಕಿನ ಕೆಲಸಕ್ಕೆ ಹೋಗುತ್ತದೆ, 'ಪೇಜ್', ಅಂದರೆ ನೆನಪಿನಲ್ಲಿ ಪ್ರೋಗ್ರಾಮ್ ಶುರುವಾಗುವ ಜಾಗ, ಎಷ್ಟು ಅಂತ ಕೇಳಿದರೆ ಲೆಕ್ಕ ಒಪ್ಪಿಸುತ್ತದೆ. ಇಂಥದ್ದನ್ನು ನಾವು ಎರಡು ಬೀಗ ಹಾಕಿ, ಹೂವಿನ ಮುಸುಕು ಹೊದಿಸಿ, ಚಪ್ಪಲಿ ಬಿಡಿಸಿ, ದೇವರು ಮಾಡಿ ಕೂರಿಸಿದೆವು. ಈಗಿನ ಫೋನು ಆನ್ ಮಾಡಿದರೆ ಕಂಪನಿಯ ಗುರುತು ಹೊಳೆಯುತ್ತದೆ, ಅದರ ಹಿಂದೆ ಏನು ನಡೆಯುತ್ತದೋ ದೇವರಿಗೇ ಗೊತ್ತು. ಆದರೆ ಅದನ್ನು ಮಕ್ಕಳ ಕೈಗೆ ಕೊಡುವಾಗ ಯಾರೂ ಕೈ ತೊಳೆಸುವುದಿಲ್ಲ. (ಅಂದಹಾಗೆ ಆ ಫೋನಿನೊಳಗಿನ ಪ್ರೊಸೆಸರಿನ ವಂಶದ ಮೂಲಪುರುಷ, 1985ರ ಮೊದಲ ಆರ್ಮ್ ಚಿಪ್, ಹುಟ್ಟಿದ್ದು ಇದೇ ಏಕಾರ್ನ್‌ನಲ್ಲಿ. ಸೋಫೀ ವಿಲ್ಸನ್, ಸ್ಟೀವ್ ಫರ್ಬರ್ ಅದನ್ನು ಒಂದು ಬಿಬಿಸಿ ಮೈಕ್ರೋಗೆ ಜೋಡಿಸಿಯೇ ಮೊದಲು ಓಡಿಸಿದ್ದು. ಗೂಬೆ ಈಗಲೂ ಎಲ್ಲರ ಜೇಬಿನಲ್ಲಿದೆ.)

ಸಿಟ್ಟು ಯಾರ ಮೇಲೆ ಅಂದರೆ ಮೇಷ್ಟ್ರ ಮೇಲೆ. ಬಾಯಿಬಿಟ್ಟು ಹೇಳಲು ನಾಚಿಕೆ, ಆದರೆ ನಿಜ. ಮೂರು ವಾರದ ತರಬೇತಿಗೆ ಹೋಗಿ ಬಂದಿದ್ದರು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ನೋಡಿ ನೋಡಿ ಒತ್ತುತ್ತಿದ್ದರು. ಅವರಿಗೂ ಏನೂ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ಬೀಗದ ಹಿಂದೆ ಮುಚ್ಚಿಟ್ಟರು ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಹದಿನೆಂಟು

ಜನವರಿಯ ಒಂದು ಭಾನುವಾರ, ಕೇಬಲ್ ಸರಿ ಹಾಕಿ, ಹೆಡ್ಡು ಒರೆಸಿ, ತೊಳೆದ ಬಿಲ್ಲೆಯ ಡಿಸ್ಕ್ ಒಳಗೆ ತಳ್ಳಿದೆ. ಎಡಗೈ ಶಿಫ್ಟ್ ಮೇಲೆ, ಬಲಗೈ ಬ್ರೇಕ್ ಮೇಲೆ. ಐವತ್ತು ವರ್ಷದ ಗಂಡಸು, ಬಾಗಿಲ ಕಡೆ ಒಮ್ಮೆ ನೋಡಿದೆ, ಯಾರಾದರೂ ಬೈಯುತ್ತಾರೇನೋ ಅಂತ.

ಒತ್ತಿದೆ. ಕೆಂಪು ದೀಪ. ಗುರ್ರ್. ಟಕ್ ಟಕ್. ಪರದೆ ಮೇಲೆ ತಾನಾಗಿಯೇ ಆ ಸಾಲು ಮೂಡಿತು: 'ಚೈನ್ ಮೆನು'. ಅಂದರೆ ಮೆನು ಅನ್ನುವ ಪ್ರೋಗ್ರಾಮ್ ತಂದು ಓಡಿಸು ಅಂತ. ನನ್ನ ಮೈ ಜುಮ್ಮೆಂದಿತು. ಆಮೇಲೆ ಒಂದು ಉದ್ದನೆಯ ಕರಕರ, ಮತ್ತೆ ಕರಕರ. 'ಡಿಸ್ಕ್ ಫಾಲ್ಟ್ 18'. ಅಲ್ಲಿಗೆ ನಿಂತಿತು.

ನಾನು ತಕ್ಷಣ ಸೋಪಿನ ನೀರಿನ ಮೇಲೆ ಗೂಬೆ ಕೂರಿಸಿದೆ. ತೊಳೆದದ್ದೇ ತಪ್ಪಾಯಿತು, ಇದ್ದದ್ದೂ ಹೋಯಿತು ಅಂತ. ಆದರೆ 'ಸ್ಟಾರ್ ಕ್ಯಾಟ್' ಅಂತ ಹೊಡೆದರೆ ಫೈಲುಗಳ ಪಟ್ಟಿ ಸರಿಯಾಗಿ ಬರುತ್ತಿತ್ತು. ಹತ್ತು ಸಲ ಹೊಡೆದರೆ ಹತ್ತು ಸಲವೂ. ಪಟ್ಟಿ ಬರುತ್ತದೆ, ಬೂಟ್ ಫೈಲ್ ಬರುತ್ತದೆ, ಮೆನು ಬರುವುದಿಲ್ಲ. ಊರಿನ ಬೋರ್ಡ್ ಕಾಣುತ್ತದೆ, ಊರು ಸಿಗುವುದಿಲ್ಲ ಅನ್ನೋ ಹಾಗೆ. ಎರಡು ವಾರ ಹೀಗೇ ಹೋಯಿತು. ಹೆಡ್ಡು ಮತ್ತೆ ಮತ್ತೆ ಒರೆಸಿದೆ. ಇಯರ್ ಬಡ್ ಡಬ್ಬಿ ಖಾಲಿ.

ಒಂದು ರಾತ್ರಿ ಡ್ರೈವ್ ಪಕ್ಕಕ್ಕೆ ತಿರುಗಿಸಿದಾಗ ಬೆನ್ನಿನಲ್ಲಿ ಒಂದು ಪುಟ್ಟ ಸ್ವಿಚ್ ಕಣ್ಣಿಗೆ ಬಿತ್ತು. ಒಂದು ಕಡೆ 40, ಇನ್ನೊಂದು ಕಡೆ 80. ಆಗ ತಲೆಗೆ ಹೊಳೆಯಿತು. ಶಾಲೆಯ ಡಿಸ್ಕಿನಲ್ಲಿ ಇರುವುದು 40 ಟ್ರ್ಯಾಕು, ಒಂದೊಂದರಲ್ಲಿ ಹತ್ತು ಸೆಕ್ಟರು, ಒಂದು ಸೆಕ್ಟರಿಗೆ 256 ಬೈಟು, ಒಟ್ಟು 100ಕೆ. ಲೀಡ್ಸ್‌ನಿಂದ ಬಂದ ಡ್ರೈವು 80 ಟ್ರ್ಯಾಕಿನದು. ಅದೇ ಜಾಗದಲ್ಲಿ ಎರಡರಷ್ಟು ಗೆರೆ, ಅದರ ಹೆಜ್ಜೆ ಅರ್ಧ. ಮೂವತ್ತನೇ ಮನೆ ಹುಡುಕಿಕೊಂಡು ಮೂವತ್ತು ಹೆಜ್ಜೆ ಹಾಕಿ ನೋಡುತ್ತದೆ, ನಿಂತಿರುವುದು ಹದಿನೈದನೇ ಮನೆ ಮುಂದೆ. ಬಾಗಿಲ ಮೇಲಿನ ನಂಬರ್ ಹೊಂದುವುದಿಲ್ಲ. 18 ಅಂದರೆ ಅದೇ, 'ಕೇಳಿದ ಸೆಕ್ಟರ್ ಸಿಗಲಿಲ್ಲ'. ಮೊದಲ ಟ್ರ್ಯಾಕಿಗೆ ಮಾತ್ರ ಈ ಕಷ್ಟ ಇಲ್ಲ. ಸೊನ್ನೆ ಹೆಜ್ಜೆ ಇಟ್ಟವನಿಗೆ ಹೆಜ್ಜೆ ಎಷ್ಟು ಉದ್ದವಾದರೇನು? ಪಟ್ಟಿ, ಬೂಟ್ ಫೈಲ್ ಎರಡೂ ಅಲ್ಲೇ ಇದ್ದವು.

ಸ್ವಿಚ್ಚು 40ರ ಕಡೆಗೆ ತಳ್ಳಿದೆ. ಶಿಫ್ಟ್. ಬ್ರೇಕ್.

ನಮಸ್ಕಾರ.

ಕಪ್ಪು ಬಿಳುಪಿನಲ್ಲಿ, ದೊಡ್ಡ ಅಕ್ಷರದಲ್ಲಿ, ಟಿವಿಯ ನಡುಮಧ್ಯೆ.

ಸಾಲು 35, ಸಾಲು 36

ಎಸ್ಕೇಪ್ ಒತ್ತಿ 'ಲಿಸ್ಟ್' ಅಂತ ಹೊಡೆದೆ. ಪ್ರೋಗ್ರಾಮ್ ಪೂರ್ತಿ ಕಣ್ಣೆದುರು ಬಂತು. ಬೇಸಿಕ್ ಬರೆದವರಿಗೆ ಗೊತ್ತು, ಸಾಲುಗಳಿಗೆ 10, 20, 30 ಅಂತ ನಂಬರ್ ಕೊಡುವುದು ರೂಢಿ. ನಡುವೆ ಏನಾದರೂ ಸೇರಿಸಬೇಕಾದರೆ ಜಾಗ ಇರಲಿ ಅಂತ. ಈ ಮೆನು ಪ್ರೋಗ್ರಾಮ್ ಡಿಸ್ಕಿನ ಜೊತೆಗೇ ಬಂದದ್ದು, ಯಾರೋ ಪಳಗಿದವರು ಬರೆದದ್ದು. 10, 20, 30. ಆಮೇಲೆ 35. ಆಮೇಲೆ 36. ಆಮೇಲೆ 40, 50, ಹೀಗೇ ಕೊನೆಯ ತನಕ ಹತ್ತು ಹತ್ತು. 35ರಲ್ಲೂ 36ರಲ್ಲೂ ಇದ್ದದ್ದು ಅಕ್ಷರ ಕೂಡ ವ್ಯತ್ಯಾಸ ಇಲ್ಲದ ಒಂದೇ ಸಾಲು: 141ನೇ ಸಂಕೇತ ಹಾಕಿ 'ನಮಸ್ಕಾರ' ಅಂತ ಬರಿ.

ಯಾಕೆ ಎರಡು ಸಲ ಅಂತ ಒಂದು ನಿಮಿಷ ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ಈ ಯಂತ್ರದ ಏಳನೇ ಮೋಡ್, ಅಂದರೆ ಪರದೆ ತೋರಿಸುವ ಒಂದು ಬಗೆ, ಟಿವಿಯಲ್ಲಿ ಅಕ್ಷರದ ಪುಟ ತೋರಿಸುವ ಟೆಲಿಟೆಕ್ಸ್ಟ್ ಪದ್ಧತಿಯದು. ಅದರಲ್ಲಿ 141 ಅಂದರೆ ಎರಡು ಪಟ್ಟು ಎತ್ತರದ ಅಕ್ಷರ. ಆದರೆ ಒಂದು ಸಾಲು ಬರೆದರೆ ಅಕ್ಷರದ ಮೇಲರ್ಧ ಮಾತ್ರ ಮೂಡುತ್ತದೆ. ಅದೇ ಸಾಲನ್ನು ಕೆಳಗೆ ಇನ್ನೊಂದು ಸಲ ಬರೆದರೆ ಕೆಳಗಿನರ್ಧ ಬರುತ್ತದೆ.

'ಸ್ಟಾರ್ ಇನ್ಫೋ' ಹೊಡೆದು ಫೈಲುಗಳು ಎಲ್ಲೆಲ್ಲಿ ಕೂತಿವೆ ನೋಡಿದೆ. ಬೂಟ್ ಫೈಲ್ ಮೊದಲಲ್ಲೇ ಇದೆ. ಅದರ ಪಕ್ಕ ಕೆಲವು ಸೆಕ್ಟರ್ ಖಾಲಿ. ಮೆನು ಇರಬೇಕಾದ ಜಾಗ ಅದು. ಮೆನು ಇರುವುದು ಎಲ್ಲೋ ದೂರದಲ್ಲಿ, ಸುಮಾರು ಮುನ್ನೂರನೇ ಸೆಕ್ಟರಿನಲ್ಲಿ, ಎಲ್ಲದರ ಕೊನೆಗೆ. ಈ ಡಿಸ್ಕ್ ಪದ್ಧತಿಯಲ್ಲಿ ಒಂದು ಫೈಲನ್ನು ತುಂಡು ಮಾಡಿ ಇಡುವ ಹಾಗಿಲ್ಲ. ತಿದ್ದಿ ಉದ್ದ ಮಾಡಿ ಮತ್ತೆ ಉಳಿಸಿದರೆ ಹಳೇ ಜಾಗದಲ್ಲಿ ಹಿಡಿಯದೇ ಜಾಗ ಇರುವ ಕಡೆ ಹೋಗಿ ಕೂರುತ್ತದೆ. ಯಾರೋ ಈ ಪ್ರೋಗ್ರಾಮ್ ತೆರೆದಿದ್ದರು. ಎರಡು ಸಾಲು ಸೇರಿಸಿ ಉಳಿಸಿದ್ದರು. ನನ್ನನ್ನು ಎರಡು ವಾರ ಸತಾಯಿಸಿದ ಹದಿನೆಂಟು ಬಂದದ್ದೇ ಅದಕ್ಕೆ. ಮೆನು ತನ್ನ ಹಳೇ ಜಾಗದಲ್ಲೇ, ಮೊದಲ ಟ್ರ್ಯಾಕಿನಲ್ಲೇ ಇದ್ದಿದ್ದರೆ ಸ್ವಿಚ್ ಯಾವ ಕಡೆ ಇದ್ದರೂ ಬಂದುಬಿಡುತ್ತಿತ್ತು.

ಎರಡು ಬೀಗ ಇದ್ದ ಕೋಣೆಯಲ್ಲಿ ಅದನ್ನು ಮಾಡಲು ಸಾಧ್ಯ ಇದ್ದವರು ಎಷ್ಟು ಜನ? ಹೆಡ್ಮಾಸ್ಟರು ಆ ಯಂತ್ರದ ಎದುರು ಕೂತದ್ದನ್ನು ನಾನು ಕಂಡಿಲ್ಲ.

ದೋಸ್ತ್ ಹತ್ತಿರ ನಂಬರ್ ತಗೊಂಡು ಮೇಷ್ಟ್ರಿಗೆ ಫೋನ್ ಮಾಡಿದೆ. ಎಂಬತ್ತು ದಾಟಿದೆ. ಕಿವಿ ಸ್ವಲ್ಪ ಮಂದ, ಮಿಕ್ಕಿದ್ದೆಲ್ಲ ಗಟ್ಟಿ. ಹೆಸರು ಹೇಳಿದ ತಕ್ಷಣ 'ಬ್ರೇಕ್ ಒತ್ತಿದವನಲ್ವಾ ನೀನು' ಅಂದರು. ಮೂವತ್ತೆಂಟು ವರ್ಷ ಆದರೂ ಮರೆತಿಲ್ಲ ಮಹಾರಾಯರು. ನಮಸ್ಕಾರ ಬಂದದ್ದು ಹೇಳಿದೆ. 35, 36ರ ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೆಮ್ಮಿ, 'ಅದಕ್ಕೆ ಎರಡು ಸಂಜೆ ಹಿಡೀತು ಮಾರಾಯ' ಅಂದರು. 'ಮೊದಲ ದಿನ ಬರೀ ತಲೆಕಟ್ಟು ಬಂತು, ಕೆಳಗೆ ಏನೂ ಇಲ್ಲ. ಹಾಳು ಮಾಡಿದೆ ಅಂತ ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಸುಮ್ನೆ ಇನ್ನೊಂದು ಸಲ ಅದನ್ನೇ ಬರೆದೆ ನೋಡು, ಪೂರ್ತಿ ಬಂತು.'

'ಯಾರಿಗೂ ಹೇಳಲೇ ಇಲ್ಲವಲ್ಲ ಸಾರ್ ನೀವು.'

'ಹೇಳೋದೇನು? ತಿದ್ದಿದೆ ಅಂತ ಗೊತ್ತಾಗಿದ್ರೆ ರಿಜಿಸ್ಟರ್ ತರಿಸಿ ಕೇಳ್ತಿದ್ರು. ಆದ್ರೂ ಅದರಲ್ಲಿ ನಮ್ಮದು ಅಂತ ಏನಾದ್ರೂ ಒಂದು ಬರಬೇಕು ಅಲ್ವಾ.'

ಏನು ಹೇಳಬೇಕು ಗೊತ್ತಾಗದೆ ನಾನು ಸುಮ್ಮನಿದ್ದೆ. ಮೇಷ್ಟ್ರೇ ಕೇಳಿದರು, 'ಡಿಸ್ಕ್ ಎಲ್ಲಿದೆ ಈಗ?'

'ಡ್ರೈವಲ್ಲೇ ಇದೆ ಸಾರ್.'

'ಕೆಂಪು ದೀಪ ಆರಿದೆಯಾ ನೋಡಿಕೋ. ಆರಿದ ಮೇಲೆ ತೆಗಿ.'

ಫೋನ್ ಕಿವಿಗೆ ಹಿಡಿದುಕೊಂಡೇ ತಿರುಗಿ ನೋಡಿದೆ. ಆರಿತ್ತು.